ನಾನು ತಿಕ್ಕಿದ ನಂಬರು

ನಮ್ಮ ಮನೆಯ ಫಟ್‌ಫಟಿಯ ಎಂಜಿನ್ನು ಅದರದಲ್ಲ, ಗಂಗಾವತಿಯ ಮಿಸ್ತ್ರಿ ಮೂಲದ್ದನ್ನು ಕದ್ದು ಬೇರೆಯದನ್ನು ಕೂರಿಸಿದ್ದಾನೆ ಎಂದು ನಾನು ಹನ್ನೊಂದು ವರ್ಷ ನಂಬಿದ್ದೆ. ನಮ್ಮ ಯಜಮಾನರು ಹಾಗೆ ಹೇಳುತ್ತಲೇ ತೀರಿಕೊಂಡರು. ಅದು ಸುಳ್ಳು. ಸುಳ್ಳು ಎಲ್ಲಿಂದ ಹುಟ್ಟಿತು ಎಂದು ಹೇಳಲಿಕ್ಕೆ ಇದನ್ನು ಬರೆದಿದ್ದೇನೆ. ನನಗೆ ಅಕ್ಷರ ಬಂದದ್ದು ತಲೆ ನೆರೆತ ಮೇಲೆ. ಅದಕ್ಕೇ ಬರೆಯಲು ಇಷ್ಟು ದಿನ ಹಿಡಿಯಿತು.

ಯಜಮಾನರು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ನಮ್ಮ ಮನೆ ಹನುಮಸಾಗರದ ಹತ್ತಿರದ ಹಳ್ಳಿಯಲ್ಲಿ. ಎತ್ತಿಗೆ ಕಾಲುಬೇನೆ, ಎಮ್ಮೆಗೆ ಕರು ಅಡ್ಡ ಬಂತು ಎಂದರೆ ಫಟ್‌ಫಟಿ ಹತ್ತಿ ಹೊರಡುವರು. ಅದರ ಸದ್ದು ಎಂಥದೆಂದರೆ ಅವರು ಊರಿನ ಕೆರೆ ದಂಡೆಗೆ ಬರುವ ಮೊದಲೇ ಜನ ದನ ಬಿಚ್ಚಿಕೊಂಡು ಅಗಸಿ ಬಾಗಿಲಿಗೆ ಬಂದು ನಿಂತಿರುತ್ತಿದ್ದರು. ಅದನ್ನು ಅವರು ಯಲಬುರ್ಗಾದ ಒಬ್ಬ ಹಳೇ ಹೆಡ್‌ಮಾಸ್ತರರಿಂದ ಕೊಂಡಿದ್ದರು. ಅವರಿಗಿಂತ ಹಿಂದೆ ತುಂಗಭದ್ರೆಯ ಆಣೆಕಟ್ಟು ಕಟ್ಟುವಾಗ ಒಬ್ಬ ಕಾಂಟ್ರಾಕ್ಟರನ ಬಳಿ ಇತ್ತಂತೆ. ಅದಕ್ಕೂ ಹಿಂದೆ ಮಿಲಿಟರಿಯಲ್ಲಿ. ಟ್ಯಾಂಕಿನ ಕರಿ ಬಣ್ಣ ಎದ್ದ ಕಡೆ ಒಳಗೆ ಸಗಣಿ ಹಸಿರು ಕಾಣುತ್ತಿತ್ತು. "ಯುದ್ಧ ಕಂಡು ಬಂದ ಗಾಡಿ ಇದು" ಎಂದು ಯಜಮಾನರು ಬಂದವರಿಗೆಲ್ಲ ಹೇಳುವರು. ನಾನು ಒಳಗಿನಿಂದ "ಯುದ್ಧ ಕಂಡದ್ದಕ್ಕ ಮುಂಜಾನೆ ಹತ್ತು ಸಲ ಒದ್ರೂ ಏಳೂದಿಲ್ಲ" ಎನ್ನುತ್ತಿದ್ದೆ.

ಮಾನವಮಿಯ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಅದನ್ನು ತೊಳೆಯುವುದು ನನ್ನ ಕೆಲಸ. ಕುಡುಗೋಲು, ಕುಂಟೆ, ಬೀಸುವ ಕಲ್ಲು, ಅವರ ಇಂಜೆಕ್ಷನ್ನಿನ ಡಬ್ಬಿ, ಎಲ್ಲವನ್ನೂ ತಿಕ್ಕಿ ತೊಳೆದು ಸಾಲಾಗಿ ಇಡಬೇಕು. ಹಿತ್ತಾಳೆಯ ಕೊಡ ಹೇಗೆ ತಿಕ್ಕುತ್ತಿದ್ದೆನೋ ಫಟ್‌ಫಟಿಯನ್ನೂ ಹಾಗೇ. ಹುಣಸೆಹುಳಿ ಕಿವುಚಿ, ಇಟ್ಟಂಗಿ ಪುಡಿ ಹಾಕಿ, ತೆಂಗಿನ ನಾರಿನಿಂದ. ಎಂಜಿನ್ನಿನ ಮೈಯೆಲ್ಲ ಉಬ್ಬು ತಗ್ಗು, ಕೋಳಿಯ ರೆಕ್ಕೆಯ ಹಾಗೆ ಹಲ್ಲು ಹಲ್ಲು. ಎಡಗಡೆ ಎರಡು ಬೆರಳಗಲದ ಒಂದು ಚಪ್ಪಟೆ ಜಾಗವಿತ್ತು. ವಿಭೂತಿ ನಿಲ್ಲುವುದು ಅಲ್ಲೊಂದೇ ಕಡೆ. ಹೋದ ವರ್ಷದ ವಿಭೂತಿ ಕುಂಕುಮ ಎಣ್ಣೆಯೊಡನೆ ಸೇರಿ ಹಕ್ಕಳೆ ಕಟ್ಟಿರುತ್ತಿತ್ತು. ಅದು ಪೂರಾ ಹೋಗಿ ಬೆಳ್ಳಗೆ ಹೊಳೆಯುವವರೆಗೆ ತಿಕ್ಕಿ, ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಡುತ್ತಿದ್ದೆ. ನನ್ನ ಬಲಗೈಯ ಉಂಗುರ ಬೆರಳಿನ ತುದಿ ಇಲ್ಲ. ಚಿಕ್ಕವಳಿದ್ದಾಗ ಜೋಳ ಕೊಯ್ಯುವಾಗ ಕುಡುಗೋಲಿಗೆ ಹೋಯಿತು. ಹೀಗಾಗಿ ನಾನು ಎಳೆದ ವಿಭೂತಿಯಲ್ಲಿ ಮೇಲಿನ ಎರಡು ಗೆರೆ ಪೂರ್ತಿ, ಕೆಳಗಿನದು ತಡವಾಗಿ ಶುರುವಾಗಿ ಬೇಗ ಮುಗಿಯುತ್ತದೆ. "ನಿನ್ನ ದೇವರಿಗೆ ಎರಡೂವರೆ ಗೆರಿ" ಎಂದು ಯಜಮಾನರು ಚಾಷ್ಟಿ ಮಾಡುವರು.

ಮದುವೆಯಾಗಿ ಬಂದ ವರ್ಷದಿಂದ ಹೀಗೆ ತಿಕ್ಕಿದ್ದೇನೆ. ಇಪ್ಪತ್ತು ವರ್ಷಕ್ಕೂ ಮೇಲೆ.

ಕೊಪ್ಪಳ ಜಿಲ್ಲೆಯಾಯಿತಲ್ಲ, ತೊಂಬತ್ತೇಳರಲ್ಲಿ, ಆ ವರ್ಷ ಗಾಡಿ ಹೊಗೆ ಕಾರತೊಡಗಿತು. ಮಾನವಮಿ ಮುಗಿದ ಮಾರನೇ ದಿನವೇ ಯಜಮಾನರು ಅದನ್ನು ಗಂಗಾವತಿಗೆ ಒಯ್ದರು. ಅಂಥ ಹಳೇ ಎಂಜಿನ್ನು ಬಿಚ್ಚುವ ಕೈ ಈ ಕಡೆ ಇದ್ದದ್ದು ಒಂದೇ. ಆ ಮಿಸ್ತ್ರಿ ಸಣ್ಣವನಿದ್ದಾಗ ಅಪ್ಪನ ಜೊತೆ ಆಂಧ್ರದ ಕಡೆಯಿಂದ ಕಾಲುವೆ ಕ್ಯಾಂಪಿಗೆ ಬಂದವನು. ಅಕ್ಕಿ ಗಿರಣಿಗಳ ರಸ್ತೆಯಲ್ಲಿ ತಗಡಿನ ಅಂಗಡಿ. ನಮ್ಮ ಮನೆಗೆ ಬಂದಾಗ ನನ್ನನ್ನು ಅಕ್ಕಾ ಎನ್ನುತ್ತಿದ್ದ. ಅನ್ನ ತಿಂದು ಬೆಳೆದವನಿಗೆ ನಮ್ಮ ಜೋಳದ ರೊಟ್ಟಿ ಒಗ್ಗುತ್ತಿರಲಿಲ್ಲ.

"ಅಕ್ಕಾ, ಈ ರೊಟ್ಟಿ ತಿಂದ್ರ ನನ್ನ ದವಡಿ ಬಿಚ್ಚಿ ರಿಪೇರಿ ಮಾಡಬೇಕಾಕ್ಕೈತಿ."

"ಹಂಗಾರ ಹಸಗೊಂಡು ಹೋಗು" ಎನ್ನುತ್ತಿದ್ದೆ ನಾನು. ಅವನು ನಾಲ್ಕು ತಿಂದು ಏಳುತ್ತಿದ್ದ.

ಹತ್ತು ದಿನ ಇಟ್ಟುಕೊಂಡು ಎಂಜಿನ್ನು ಬಿಚ್ಚಿ, ಸವೆದದ್ದು ಬದಲಿಸಿ, ಹೊಗೆ ನಿಲ್ಲಿಸಿ ಕೊಟ್ಟ. ಗಾಡಿ ಹೊಸ ಮದುಮಗನ ಹಾಗೆ ಬಂತು. ಯಜಮಾನರಿಗೆ ಭಾಳ ಖುಷಿ. ಜಿಲ್ಲೆ ಹೊಸದಾಗಿತ್ತು. ಗಾಡಿಯ ಕಾಗದ ಹೊಸದು ಮಾಡಿಸಬೇಕು ಎಂದು ಕೊಪ್ಪಳಕ್ಕೆ ಹೋದರು. ಅಲ್ಲಿ ಗಾಡಿ ನೋಡುವ ಸಾಹೇಬರು ಎಂಜಿನ್ನಿನ ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾರೆ. ತೆಗೆದರು. ಹಳೇ ಪುಸ್ತಕದಲ್ಲಿ ಕೊನೆಗೆ ಎಂಟು ಇತ್ತು. ಅಚ್ಚಿನಲ್ಲಿ ಮೂರು ಬಂತು. ಉಳಿದದ್ದೆಲ್ಲ ಸರಿ, ಕೊನೆಯದೊಂದು ಬೇರೆ.

"ಇದು ಈ ಪುಸ್ತಕದ ಎಂಜಿನ್ ಅಲ್ರಿ" ಎಂದು ಸಾಹೇಬರು ಹೇಳಿದರಂತೆ. ಅವರ ತಪ್ಪೇನಿಲ್ಲ. ಕಂಡದ್ದನ್ನು ಹೇಳಿದರು.

ಯಜಮಾನರು ಚಪ್ಪಲಿ ಬಿಡದೆ ಪಡಸಾಲೆಗೆ ಬಂದು ನಿಂತದ್ದು ನೆನಪಿದೆ. ಹಾಗೆ ಎಂದೂ ಬಂದವರಲ್ಲ.

"ಮಿಸ್ತ್ರಿ ನನಗ ಕೈ ಕೊಟ್ಟಾನ."

"ಏನ್ ಮಾಡ್ಯಾನ?"

"ಎಂಜಿನ್ ಬದ್ಲಿ ಮಾಡ್ಯಾನ. ನಂಬರ್ ಬ್ಯಾರೆ ಐತಿ. ಅವನ ಬಿಟ್ಟು ಇದನ್ನ ಬಿಚ್ಚಿದಾವ ಯಾರದಾನ?"

ಹೌದಲ್ಲ, ಬಿಚ್ಚಿದವನು ಅವನೇ ಎಂದುಕೊಂಡೆ. ನಾಲ್ಕು ರೊಟ್ಟಿ ತಿಂದವನು ಹೀಗೆ ಮಾಡಬಹುದೇ ಎಂದು ಸಿಟ್ಟೂ ಬಂತು.

ಮಾರನೇ ದಿನ ಗಂಗಾವತಿಗೆ ಹೋಗಿ ಜಗಳವಾಡಿ ಬಂದರು. ಮಿಸ್ತ್ರಿಗೆ ಒಂದು ಪದ್ಧತಿ ಇತ್ತು. ಯಾವ ಎಂಜಿನ್ನು ಬಿಚ್ಚಲು ಬಂದರೂ, ಬಿಚ್ಚುವ ಮೊದಲು ತಾನೂ ಅದರ ನಂಬರಿನ ಅಚ್ಚು ತೆಗೆದು ಒಂದು ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದ. ಆ ಪುಸ್ತಕ ತೆರೆದು ತೋರಿಸಿದನಂತೆ, ನೋಡಣ್ಣಾ, ಬರುವಾಗಲೇ ಮೂರು ಇತ್ತು ಎಂದು. ಯಜಮಾನರು "ನಿನ್ನೆ ಕುಂತು ಮಾಡೀದಿ ಇದನ್ನ" ಎಂದು ಪುಸ್ತಕವನ್ನು ಎಣ್ಣೆಯ ತಟ್ಟೆಗೆ ಎಸೆದರಂತೆ. ಇದನ್ನು ಅವರೇ ಮನೆಯಲ್ಲಿ ಹೇಳಿದರು, ಶೌರ್ಯದ ಕೆಲಸವೆಂಬಂತೆ.

ಅಷ್ಟಕ್ಕೇ ಮುಗಿಯಲಿಲ್ಲ. ಆಣೆ ಮಾಡು ಎಂದರು. ಮಿಸ್ತ್ರಿ ಆಯಿತು ಎಂದ. ಹನುಮನಹಳ್ಳಿಯ ಹತ್ತಿರ ಅಂಜನಾದ್ರಿ ಹತ್ತಿದೆವು. ಎರಡೂ ಕಡೆಯ ನಾಲ್ಕು ಹಿರಿಯರು, ನಾನೂ ಇದ್ದೆ. ಮಿಸ್ತ್ರಿ ಹನುಮಪ್ಪನ ಎದುರು ಅಂಗೈ ಮೇಲೆ ಕರ್ಪೂರ ಹಚ್ಚಿಕೊಂಡ. "ಬಂದ ಎಂಜಿನ್ನೇ ತಿರುಗಿ ಕೊಟ್ಟೀನಿ. ಬ್ಯಾರೆ ಏನೂ ಅರಿಯೆ" ಎಂದ. ಕರ್ಪೂರ ಪೂರಾ ಉರಿಯುವವರೆಗೆ ಕೈ ಅಲ್ಲಾಡಿಸಲಿಲ್ಲ. ಆ ಕಡೆಯ ಹಿರಿಯನೊಬ್ಬ ಕಣ್ಣು ಒರೆಸಿಕೊಂಡ. ನಮ್ಮವರು ಅಂದದ್ದು ಇಷ್ಟು:

"ಕಳ್ಳಗ ಕೈ ಸುಟ್ಟುಕೊಳ್ಳೂದು ದೊಡ್ಡದಲ್ಲ."

ಬೆಟ್ಟ ಇಳಿಯುವಾಗ ಮಿಸ್ತ್ರಿ ನನ್ನ ಹತ್ತಿರ ಬಂದು, "ನೀವರ ನಂಬ್ತೀರೇನಮ್ಮಾ?" ಎಂದು ಕೇಳಿದ. ಅಕ್ಕಾ ಹೋಗಿ ಅಮ್ಮಾ ಆಗಿತ್ತು. ನಾನು ಮೆಟ್ಟಿಲು ನೋಡಿಕೊಂಡು ಇಳಿದೆ.

ಆಮೇಲೆ ನಮ್ಮವರು ಹೋದ ಹೋದ ಊರಲ್ಲಿ ಹೇಳಿದರು. ದನಕ್ಕೆ ಸೂಜಿ ಹಾಕುವುದು, ಚಾ ಕುಡಿಯುವುದು, ಗಂಗಾವತಿ ಮಿಸ್ತ್ರಿ ಎಂಜಿನ್ ಕಳ್ಳ ಎನ್ನುವುದು. ಕುಷ್ಟಗಿ ಬಸ್‌ಸ್ಟ್ಯಾಂಡಿನ ಹೋಟೆಲು, ಹನುಮಸಾಗರದ ಸಂತೆ, ಯಲಬುರ್ಗಾ, ಕೊಪ್ಪಳ. ದನದ ಕಂಪೌಂಡರನ ಮಾತನ್ನು ಜನ ನಂಬುತ್ತಾರೆ, ಸಾಯುವ ಎತ್ತನ್ನು ಎಬ್ಬಿಸಿದವನು ಸುಳ್ಳು ಯಾಕೆ ಹೇಳಿಯಾನು? ಬಾವಿಯ ಎಂಜಿನ್ನು, ಟ್ರ್ಯಾಕ್ಟರು, ಏನಿದ್ದರೂ ಆ ಅಂಗಡಿಗೆ ಒಯ್ಯುವುದನ್ನು ಬಿಟ್ಟರು. ಎರಡು ವರ್ಷಕ್ಕೆ ತಗಡಿನ ಅಂಗಡಿ ಮುಚ್ಚಿತು ಎಂದು ಸುದ್ದಿ ಬಂತು. ಮಿಸ್ತ್ರಿ ಯಾವುದೋ ಗಿರಣಿಯಲ್ಲಿ ಕೂಲಿಗೆ ಸೇರಿದನಂತೆ. ಯಜಮಾನರು "ಆಗಬೇಕಾದ್ದ ಆತು" ಎಂದರು. ನಾನೂ ಹಾಗೇ ಅಂದೆ.

ಫಟ್‌ಫಟಿಯನ್ನು ಅವರು ಮತ್ತೆ ಹತ್ತಲಿಲ್ಲ. ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದಿಸಿ ನಿಲ್ಲಿಸಿದರು. ಮರು ಮಾನವಮಿಗೆ ನಾನು ನಾರು ಹಿಡಿದು ಹೋದಾಗ, "ಕಳುವಿನ ಎಂಜಿನ್ನಿಗೆ ಪೂಜಿ ಬ್ಯಾಡ" ಎಂದರು. ಅಂದಿಗೆ ನನ್ನ ತಿಕ್ಕುವುದು ನಿಂತಿತು. ಜಗಳವಾದ ನಾಲ್ಕು ವರ್ಷಕ್ಕೆ ಅವರು ತೀರಿಕೊಂಡರು.

ಅವರು ಹೋದ ಮೇಲೂ ಏಳು ವರ್ಷ ಅದು ಹಾಗೇ ನಿಂತಿತ್ತು. ಆಡು ಕಟ್ಟಲು ಜಾಗ ಬೇಕಾಗಿ ಗುಜರಿಗೆ ಹಾಕಬೇಕು ಎಂದುಕೊಂಡಿದ್ದಾಗ ಯಲಬುರ್ಗಾದಿಂದ ಒಬ್ಬರು ಬಂದರು. ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಹಳೇ ಫಟ್‌ಫಟಿಗಳ ಚಿತ್ರ ಬರೆದು, ಅವುಗಳ ಹುಟ್ಟು ಹುಡುಕಿ ಪುಸ್ತಕದಲ್ಲಿ ಬರೆದಿಡುವ ಹುಚ್ಚು. ನಮ್ಮ ಗಾಡಿ ಒಂದು ಕಾಲಕ್ಕೆ ಅವರ ಹೆಡ್‌ಮಾಸ್ತರರದಾಗಿತ್ತು, ಅದನ್ನೇ ಹುಡುಕಿಕೊಂಡು ಬಂದಿದ್ದರು.

"ಏನ್ರಿ ಮಾಸ್ತರ, ಈ ಕಬ್ಬಣ ನೋಡಾಕ ಅಷ್ಟು ದೂರದಿಂದ ಬಂದ್ರ್ಯಾ? ಮನ್ಯಾಗ ಹೆಂಡತಿ ಹೊರಗ ಹಾಕ್ಯಾಳೇನು?"

"ಹಾಕೂದೊಂದ ಉಳದೈತ್ರಿ ಅವ್ವಾರ" ಎಂದು ನಕ್ಕು ಗೋಣಿಚೀಲ ತೆಗೆದರು.

ಎಂಟು ದಿನ ಬಂದರು. ಸ್ಟೂಲಿನ ಮೇಲೆ ಕೂತು ಒಂದೊಂದು ನಟ್ಟು ಬೋಲ್ಟನ್ನೂ ಚಿತ್ರ ಬರೆದರು. ಸೀಟು ಆಮೇಲಿನದು, ಮುಂದಿನ ದೀಪ ಬೇರೆ ಗಾಡಿಯದು, ಹಿಂದಿನ ಮಡ್‌ಗಾರ್ಡು ಯಾವನೋ ಲೋಹಾರ ಬಡಿದದ್ದು, ಟ್ಯಾಂಕು ಮಾತ್ರ ಹುಟ್ಟಿನದು ಎಂದರು. ಟ್ಯಾಂಕಿನ ಒಂದು ಮೂಲೆಯನ್ನು ಸೀಮೆಎಣ್ಣೆಯಲ್ಲಿ ಮೆಲ್ಲಗೆ ಒರೆಸಿ ಹಸಿರಿನ ಅಡಿಯಲ್ಲಿ ಬಿಳಿ ಅಕ್ಷರ ತೋರಿಸಿದರು. ಪರದೇಶದಲ್ಲಿ ಹಳೇ ಕಾರ್ಖಾನೆಯ ದಫ್ತರಗಳನ್ನು ಕಾಯ್ದಿಟ್ಟವರಿದ್ದಾರಂತೆ, ಅವರಿಗೆ ಪತ್ರ ಬರೆದರು. ಎರಡು ತಿಂಗಳಿಗೆ ಉತ್ತರ ಬಂತು. ಯುದ್ಧದ ಕಾಲದಲ್ಲಿ ಮಿಲಿಟರಿಗೆಂದು ಹಿಂದೂಸ್ತಾನಕ್ಕೆ ಹಡಗು ಹತ್ತಿದ ಗಾಡಿ ಅದು. ಯಜಮಾನರು ಹೇಳುತ್ತಿದ್ದದ್ದು ನಿಜವಿತ್ತು. ಚಾಸಿಯ ನಂಬರು ಕೂಡಿತು. ಎಂಜಿನ್ನಿನದು ಕೊನೆಗೆ ಎಂಟು.

"ಇಲ್ಲಿ ಮೂರು ಐತಲ್ರಿ" ಎಂದು ಮಾಸ್ತರರು ಭೂತಗನ್ನಡಿ ಹಿಡಿದು ಎಂಜಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕೂತರು.

ನಾನು ಮಿಸ್ತ್ರಿಯ ಕಥೆ ಹೇಳಿದೆ. ಕಳ್ಳ ಎಂದೇ ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಬೆರಳು ಆ ಚಪ್ಪಟೆ ಜಾಗದ ಮೇಲೇ ಆಡುತ್ತಿತ್ತು.

"ಅವ್ವಾರ, ಈ ಜಾಗ ಇಷ್ಟು ನುಣ್ಣಗ ಯಾಕೈತಿ? ಸುತ್ತೆಲ್ಲಾ ಮರಳಿನಂಗ ಒರಟೈತಿ."

"ನನಗೇನ್ ಗೊತ್ತು?"

"ಅರದಿಂದ ಉಜ್ಜಿದ್ರ ಗೆರಿ ಬೀಳ್ತಿದ್ವು. ಗೆರಿ ಇಲ್ಲ. ಹೊಳಿ ಕಲ್ಲಿನಂಗ ಆಗೈತಿ. ಇದು ಒಂದು ದಿನದ ಕೆಲಸ ಅಲ್ರಿ. ಭಾಳ ವರ್ಷ ಯಾರೋ ತಿಕ್ಕ್ಯಾರ."

ಮಾನವಮಿಗೆ ವಿಭೂತಿ ಹಚ್ಚಲು ನಾನು ತಿಕ್ಕುತ್ತಿದ್ದ ಜಾಗವೇ ಅದು. ಎಂಜಿನ್ನಿನ ಆ ಲೋಹ ಕಬ್ಬಿಣವಲ್ಲ, ನಮ್ಮ ಜರ್ಮನ್ ಪಾತ್ರೆಯ, ಅಂದರೆ ಅಲ್ಯುಮಿನಿಯಮ್ಮಿನ, ಜಾತಿಯದು, ಮೆತ್ತನ್ನದು. ಇಟ್ಟಂಗಿ ಪುಡಿಯಲ್ಲಿ ತಿಕ್ಕಿ ತಿಕ್ಕಿ ಎಷ್ಟು ಜರ್ಮನ್ ಡಬರಿಗಳ ತಳ ತೆಳ್ಳಗೆ ಮಾಡಿದ್ದೇನೆ ಎಂದು ನನಗೆ ಗೊತ್ತಿಲ್ಲವೇ? ಎಂಟರ ಎಡಗಡೆ ಸವೆದರೆ ಉಳಿಯುವುದು ಮೂರು. ಬಸ್ಸಿನ ನಂಬರು ಓದಲು ಕಲಿತವಳಿಗೂ ತಿಳಿಯುವಷ್ಟು ಸರಳ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಚಾ ಮಾಡುತ್ತೇನೆ ಎಂದು ಎದ್ದು ಒಳಗೆ ಹೋದೆ. ನಾನು ತಿಕ್ಕಿದ್ದು ಹೌದು, ಆದರೆ ಮಿಸ್ತ್ರಿ ಬದಲಿಸಿದ್ದೂ ಹೌದಿರಬಹುದು, ಎರಡೂ ಆಗಿರಬಹುದು ಎಂದು ಒಲೆಯ ಮುಂದೆ ಕೂತು ಲೆಕ್ಕ ಹಾಕಿದೆ. ಸತ್ತ ಗಂಡನನ್ನು ಉಳಿಸಿಕೊಳ್ಳಲು ಹಾಗೆ ಮಾಡಿದೆ ಎಂದು ಹೇಳಿದರೆ ಚಂದ ಕಾಣುತ್ತದೆ. ನಾನು ಉಳಿಸಿಕೊಳ್ಳುತ್ತಿದ್ದದ್ದು ನನ್ನನ್ನು.

"ಎಂಜಿನ್ ಬಿಚ್ಚಿದ ಕೈಯನ್ನ ಕೇಳದ ಚರಿತ್ರಿ ಬರೆಯಾಕ ಬರಂಗಿಲ್ಲ. ನಾಳೆ ಗಂಗಾವತಿಗೆ ಹೋಗ್ತೀನ್ರಿ" ಎಂದರು ಮಾಸ್ತರರು.

"ನಾನೂ ಬರ್ತೀನಿ" ಎಂದೆ. ಯಾಕೆ ಅಂದೆನೋ ಗೊತ್ತಿಲ್ಲ.

ಮಿಸ್ತ್ರಿ ಒಂದು ಅಕ್ಕಿ ಗಿರಣಿಯ ಹಿಂದೆ, ಯಂತ್ರದ ಚಕ್ರ ತಿರುಗಿಸುವ ಪಟ್ಟಾ ಹೊಲಿಯುತ್ತಿದ್ದ. ಮೈಮೇಲೆಲ್ಲ ತೌಡಿನ ಧೂಳು. ಮೊದಲು ಮಾಸ್ತರರನ್ನು ನೋಡಿದ, ಆಮೇಲೆ ನನ್ನನ್ನು. ಗುರುತು ಹತ್ತಲು ತಡವಾಗಲಿಲ್ಲ.

"ಏನಮ್ಮಾ, ಗಾಡಿಯ ಚಾಸಿನೂ ಕಳುವಾತೇನು?" ಎಂದ.

ಮಾಸ್ತರರು ತಾವು ಬಂದ ಕೆಲಸ ಹೇಳಿದರು. ಎಂಜಿನ್ನಿನಲ್ಲಿ ಏನೇನು ಬದಲಿಸಿದ್ದಿ ಎಂದು ಕೇಳಿದರು. ಮಿಸ್ತ್ರಿ ಒಂದೊಂದನ್ನೂ ಹೇಳಿದ, ಹನ್ನೊಂದು ವರ್ಷದ ಹಿಂದಿನದನ್ನು ನಿನ್ನೆಯದೆಂಬಂತೆ. ಆ ಅಚ್ಚಿನ ಪುಸ್ತಕ ಇದೆಯೇ ಎಂದರು. "ಅಂಗಡಿ ಮುಚ್ಚಿದಾಗ ಹತಾರ ಎಲ್ಲಾ ಹೋದ್ವು. ಅದೊಂದ ಒಗದಿಲ್ಲ" ಎಂದ. ಮನೆ ಗಿರಣಿಯ ಹಿಂದೆಯೇ ಇತ್ತು. ಟ್ರಂಕಿನಿಂದ ತಂದು ಕೊಟ್ಟ. ಎಣ್ಣೆ ಕುಡಿದು ಹಾಳೆಗಳು ಚರ್ಮದಂತೆ ಆಗಿದ್ದವು. ಯಜಮಾನರು ಎಸೆದ ದಿನದ ಎಣ್ಣೆ.

ನಮ್ಮ ಗಾಡಿಯ ಹಾಳೆ ತೆರೆದರು. ದಪ್ಪ ಕಾಗದದ ತುಂಡೊಂದನ್ನು ಅಂಟಿಸಿದ್ದ. ಪೆನ್ಸಿಲಿನ ಕಪ್ಪಿನಲ್ಲಿ ನಂಬರು, ಕೊನೆಗೆ ಮೂರು. ಆದರೆ ನಾನು ನೋಡಿದ್ದು ನಂಬರನ್ನಲ್ಲ. ನಂಬರಿನ ಮೇಲೆ ಅಡ್ಡಡ್ಡ ಪೆನ್ಸಿಲ್ ಹಿಡಿಯದ ಬಿಳುಪು ಪಟ್ಟೆಗಳಿದ್ದವು, ನಡುವೆ ಕಂದಿದ ಕೆಂಪು ಕಲೆ. ಮೇಲಿನ ಎರಡು ಪಟ್ಟೆ ಪೂರ್ತಿ. ಕೆಳಗಿನದು ತಡವಾಗಿ ಶುರುವಾಗಿ ಬೇಗ ಮುಗಿದಿತ್ತು.

"ಇದೇನಿದು ಕೊಳಿ?" ಎಂದು ಮಾಸ್ತರರು ಉಗುರು ಹಚ್ಚಲು ಹೋದರು.

"ಮುಟ್ಟಬ್ಯಾಡ್ರಿ" ಎಂದೆ.

ನನ್ನ ಮೂರು ಬೆರಳನ್ನು ಆ ಪಟ್ಟೆಗಳ ಮೇಲೆ ಇಟ್ಟೆ. ಕೂಡಿತು. ಯಾವ ದಫ್ತರದ ನಂಬರೂ ಅಷ್ಟು ಸರಿಯಾಗಿ ಕೂಡಿರಲಿಲ್ಲ.

ಮಾನವಮಿಯ ದಿನ ನಾನು ಎಳೆದ ವಿಭೂತಿ ಅದು. ಮಾರನೇ ದಿನ ಗಾಡಿ ಗಂಗಾವತಿಗೆ ಬಂದಿತ್ತು. ಎಂಜಿನ್ನು ಬಿಚ್ಚುವ ಮೊದಲು ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ, ತೊಳೆದ ಮೇಲೆ ವಿಭೂತಿ ಎಲ್ಲಿಯದು? ಇವನು ಅಚ್ಚು ತೆಗೆದದ್ದು ತೊಳೆಯುವ ಮೊದಲು. ನನ್ನ ವಿಭೂತಿಯ ಕೆಳಗೆ ಆಗಲೇ ಮೂರು ಇತ್ತು.

"ಎಂಜಿನ್ ನಮ್ದ ಐತಿ" ಎಂದೆ. "ಎಂಟನ್ನ ಮೂರು ಮಾಡಿದಾಕಿ ನಾನು. ವರ್ಷಾ ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಇದು ನನ್ನ ಕೈ. ನೀನು ಏನೂ ಮಾಡಿಲ್ಲ."

ಮಿಸ್ತ್ರಿ ನನ್ನ ಬೆರಳನ್ನು ನೋಡಿದ, ಹಾಳೆಯನ್ನು ನೋಡಿದ. ನಾನು ತಪ್ಪಾಯಿತು ಎಂದೆ. ಕಾಲು ಮುಟ್ಟಲು ಹೋಗಲಿಲ್ಲ, ಅವನು ನನಗಿಂತ ಸಣ್ಣವನು. ಕೈ ಮುಗಿದೆ.

ಅವನು ಪುಸ್ತಕವನ್ನು ಮುಚ್ಚಿದ.

"ನನಗ ಯಾಕ ಹೇಳ್ತೀರಮ್ಮಾ? ನಾನು ಏನೂ ಮಾಡಿಲ್ಲ ಅಂತ ನನಗ ಗೊತ್ತಿತ್ತಲ್ಲ. ಗೊತ್ತಿಲ್ಲದವರಿಗೆ ಹೇಳ್ರಿ."

ಮತ್ತೆ ಪಟ್ಟಾ ಹೊಲಿಯಲು ಕೂತ. ನಾವು ಎದ್ದು ಬಂದೆವು. ಬಸ್ಸಿನಲ್ಲಿ ಮಾಸ್ತರರು ಏನೋ ಸಮಾಧಾನ ಹೇಳಲು ಬಂದರು. "ಬಾಯಿ ಮುಚ್ಚಿಕೊಂಡು ಕುಂದರ್ರಿ ಮಾಸ್ತರ" ಎಂದೆ. ಕುಂತರು.

ಮಗಳು ಕೊಪ್ಪಳದಲ್ಲಿ ಸರಕಾರಿ ನೌಕರಿಯಲ್ಲಿದ್ದಾಳೆ. ಅವಳಿಗೆ ಹೇಳಿದಾಗ ಬೈದಳು.

"ಅಪ್ಪ ಸತ್ತು ಇಷ್ಟು ವರ್ಷ ಆತು. ಈಗ ಊರೂರು ತಿರುಗಿ ಅಪ್ಪಗ ಸುಳ್ಳ ಅನ್ನಸ್ತೀಯೇನವ್ವ?"

"ನಿಮ್ಮಪ್ಪ ಸುಳ್ಳ ಅಲ್ಲ. ಮೂರು ಕಂಡ್ರು, ಮೂರು ಅಂದ್ರು."

"ಮತ್ತ ಬಿಡು."

"ಆದ್ರ ಹೇಳಿದ್ದು ಸುಳ್ಳಾತು. ಅವರು ಹೋದ ದಾರೀಲೆ ನಾನೂ ಹೋಗಿ ಬರ್ತೀನಿ."

ಹೋದೆ. ಕುಷ್ಟಗಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೊದಲು ಹೇಳಿದೆ. ಗಲ್ಲೆಯಲ್ಲಿದ್ದ ಮುದುಕನಿಗೆ ಯಜಮಾನರ ನೆನಪಿತ್ತು, ಮಿಸ್ತ್ರಿಯ ನೆನಪಿರಲಿಲ್ಲ. "ಯಾವ ಮಿಸ್ತ್ರಿಬೇ? ಯಾವ ಎಂಜಿನ್ನು?" ಎಂದ. ಮೊದಲಿನಿಂದ ಹೇಳಿದೆ. ಚಾ ಕುಡಿಯುತ್ತಿದ್ದ ಒಬ್ಬ, "ಮುದುಕಿಗೆ ಬಿಸಿಲು ತಲೀಗೇರೈತಿ" ಎಂದ. "ಏರಿದ್ರ ನಿನ್ನ ತಲೀಗೂ ಏರ್ಲಿ, ಕೇಳು" ಎಂದು ಮತ್ತೆ ಹೇಳಿದೆ. ಹನುಮಸಾಗರದ ಸಂತೆಯಲ್ಲಿ ಎತ್ತಿನ ದಲಾಲರ ಮುಂದೆ ಹೇಳಿದೆ. ಒಬ್ಬ, "ಹೌದಬೇ, ನಮ್ಮ ಬಾವಿ ಎಂಜಿನ್ ಅವನ ಹಂತ್ಯಾಕ ಒಯ್ಯೂದು ಬಿಟ್ಟಿದ್ದು ಅದಕ್ಕ" ಎಂದ. ಅಷ್ಟೂ ದಾರಿಯಲ್ಲಿ ನನಗೆ ಕೇಳಬೇಕಿದ್ದ ಮಾತು ಅದೊಂದೇ. ಯಲಬುರ್ಗಾದಲ್ಲಿ ಹೇಳಿದೆ, ಕೊಪ್ಪಳದಲ್ಲಿ ಹೇಳಿದೆ, ಭಾಗ್ಯನಗರದಲ್ಲಿ ಗ್ಯಾರೇಜಿನವರನ್ನು ನಿಲ್ಲಿಸಿ ಹೇಳಿದೆ. ಬಹಳಷ್ಟು ಜನಕ್ಕೆ ಏನೂ ನೆನಪಿರಲಿಲ್ಲ. ಒಬ್ಬನ ಅಂಗಡಿ ಮುಚ್ಚಿಸಿ ಅವರೆಲ್ಲ ಆರಾಮಾಗಿ ಮರೆತಿದ್ದರು. ಸಿಟ್ಟು ಮಾಡಲು ನನಗೇನು ಅಧಿಕಾರ? ಹೇಳಿದವನ ಹೆಂಡತಿ ನಾನು, ತಿಕ್ಕಿದವಳೂ ನಾನೇ.

ಮಾಸ್ತರರು ಗಾಡಿಯ ಚರಿತ್ರೆ ಬರೆದು ಮುಗಿಸಿ ಓದಿ ಹೇಳಿದರು. ಕಾರ್ಖಾನೆ, ಹಡಗು, ಮಿಲಿಟರಿ, ಆಣೆಕಟ್ಟು, ಹೆಡ್‌ಮಾಸ್ತರರು, ಕಂಪೌಂಡರು. ಚಾಸಿ, ಟ್ಯಾಂಕು, ಎಂಜಿನ್ನು ಮೂಲದವು. ನಂಬರಿನ ಜಾಗದಲ್ಲಿ 'ಕಾಲಾಂತರದಲ್ಲಿ ಸವೆದಿದೆ' ಎಂದು ಬರೆದಿದ್ದರು.

"ಕಾಲ ಸವೆಸಿಲ್ಲ, ನಾನು ಸವೆಸೀನಿ. ಹಂಗ ಬರೀರಿ. ಮಿಸ್ತ್ರಿ ಮ್ಯಾಲೆ ಅಪವಾದ ಬಂತು, ಅದು ಖರೇ ಅಲ್ಲ ಅಂತನೂ ಬರೀರಿ."

"ಇದು ಗಾಡಿ ಚರಿತ್ರಿ ಅವ್ವಾರ. ಮನಿ ಜಗಳ ಇದ್ರಾಗ ಹೆಂಗ ಹಾಕೂದು?"

"ಹೆಡ್‌ಮಾಸ್ತರರು ಇದರ ಮ್ಯಾಲಿಂದ ಬಿದ್ದು ಕೈ ಮುರಕೊಂಡದ್ದು ಹಾಕೀರಿ. ಇದನ್ನೂ ಹಾಕ್ರಿ."

ಹಾಕಿದರು.

ಆ ಬರಹವನ್ನು ಮಿಸ್ತ್ರಿಗೆ ಓದಲು ಕೊಟ್ಟು ಬನ್ನಿ ಎಂದು ಅವರನ್ನು ಗಂಗಾವತಿಗೆ ಕಳಿಸಿದೆ. ನಾನು ಹೋಗಲಿಲ್ಲ. ಎರಡು ವಾರ ಕಳೆದ ಮೇಲೆ ಒಂದು ಮುಂಜಾನೆ ಮಿಸ್ತ್ರಿ ತಾನೇ ನಮ್ಮ ಅಂಗಳಕ್ಕೆ ಬಂದ. ಕೈಯಲ್ಲಿ ಆ ಪುಸ್ತಕ, ಮಾಸ್ತರರ ಬರಹ. ಕಟ್ಟೆಯ ಮೇಲೆ ಕೂರಲಿಲ್ಲ.

"ಮಾಸ್ತರ ಒಂದು ತಪ್ಪು ಬರದಾರ. ಪಿಸ್ಟನ್ ರಿಂಗು ನಾನು ಹಾಕಿದ್ದು ಎರಡು. ಅವರು ಮೂರು ಅಂತ ಬರದಾರ. ತಿದ್ದಸ್ರಿ."

"ತಿದ್ದಸ್ತೀನಿ."

"ಗಾಡಿ ಎಲ್ಲೈತಿ?"

ಕೊಟ್ಟಿಗೆಗೆ ಕರೆದೊಯ್ದೆ. ಗೋಣಿಚೀಲ ಸರಿಸಿ ಎಂಜಿನ್ನಿನ ಮುಂದೆ ಕೂತ. ಮೊದಲು ಪಿಸ್ಟನ್ನು ಇರುವ ಕಡೆ ಒಮ್ಮೆ ಅಂಗೈ ಇಟ್ಟು ತೆಗೆದ, ಜ್ವರ ನೋಡುವ ಹಾಗೆ. ಕಿಸೆಯಿಂದ ತೆಳ್ಳನೆಯ ಕಾಗದ ತೆಗೆದ, ಸಿಗರೇಟು ಪಾಕೀಟಿನೊಳಗೆ ಇರುತ್ತದಲ್ಲ, ಅಂಥದು. ಚಪ್ಪಟೆ ಜಾಗದ ಮೇಲೆ ಇಟ್ಟು, ಮೆತ್ತನೆಯ ಪೆನ್ಸಿಲನ್ನು ಮಲಗಿಸಿ, ತಾಗಿತೋ ಇಲ್ಲವೋ ಎಂಬಂತೆ ಆಡಿಸಿದ. ನಂಬರುಗಳು ಒಂದೊಂದಾಗಿ ಎದ್ದವು. ಕೊನೆಗೆ ಮೂರು ಎದ್ದಿತು. ಅವನು ಕೈ ನಿಲ್ಲಿಸಲಿಲ್ಲ. ಇನ್ನೂ ಹಗುರವಾಗಿ ಆಡಿಸಿದ. ಮೂರರ ಎಡಗಡೆ ಎರಡು ಸಣ್ಣ ಬಾಗು, ಕೂದಲೆಳೆಯಷ್ಟು, ಕಾಣಿಸಿದವು.

"ಎಂಟು" ಎಂದ.

"ಹೌದು."

"ಅವತ್ತು ದಪ್ಪ ಕಾಗದ ಇತ್ತು. ತೆಳ್ಳಂದು ಇದ್ದಿದ್ರ ಅವತ್ತ ಕಾಣ್ತಿತ್ತು."

ಅವನು ಆ ಕಾಗದವನ್ನು ಪುಸ್ತಕದಲ್ಲಿ ಹಳೇ ಅಚ್ಚಿನ ಕೆಳಗೆ ಇಟ್ಟು, ಅನ್ನದ ಅಗುಳು ಕೇಳಿ ಇಸಿದುಕೊಂಡು ಅಂಟಿಸಿದ. ಪೆನ್ಸಿಲನ್ನು ನನಗೆ ಕೊಟ್ಟು ಕೆಳಗೆ ಸಹಿ ಮಾಡಿ ಎಂದ. ಅಕ್ಷರ ಕಲಿತ ಮೇಲೆ ರೇಷನ್ ಕಾರ್ಡಿಗೆ, ಪಿಂಚಣಿಗೆ ಸಹಿ ಮಾಡಿದ್ದೇನೆ. ಇಷ್ಟು ನಿಧಾನವಾಗಿ ಎಲ್ಲೂ ಮಾಡಿರಲಿಲ್ಲ.

ರೊಟ್ಟಿ ತಿಂದು ಹೋಗು ಎಂದೆ.

"ಹಲ್ಲಿಲ್ಲಮ್ಮಾ ಈಗ" ಎಂದ. ಅಕ್ಕಾ ಎನ್ನಲಿಲ್ಲ. ಅನ್ನಬೇಕು ಎಂದೇನೂ ಇಲ್ಲ.

ಹಾಲಿನಲ್ಲಿ ನೆನೆಸಿ ಕೊಟ್ಟೆ. ಒಂದು ತಿಂದು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕುಷ್ಟಗಿ ಬಸ್ಸು ಹತ್ತಲು ಹೋದ.

ಗಾಡಿ ಇನ್ನೂ ಕೊಟ್ಟಿಗೆಯಲ್ಲೇ ಇದೆ. ಮಾನವಮಿಗೆ ನೀರು ಹಾಕಿ ಬಟ್ಟೆಯಲ್ಲಿ ಒರೆಸುತ್ತೇನೆ. ವಿಭೂತಿಯನ್ನು ಮುಂದಿನ ದೀಪಕ್ಕೆ ಹಚ್ಚುತ್ತೇನೆ. ಅದು ಹೇಗೂ ಬೇರೆ ಗಾಡಿಯದು.